ಏಲಂ ಗಾಡಿ: ಕಮ್ಮಿ ರೇಟಿನ ಏಳು ಸೀಟು ಮನೆ ಅಂಗಳಕ್ಕೆ ಬರುವ ಮೊದಲು

ಪೋಸ್ಟ್ 1

ನಮ್ಮ ಕಡೆ ಎರಡು ನಮೂನೆ ಏಲಂ ಎಲ್ಲರಿಗೂ ಗೊತ್ತು. ಒಂದು ಗಂಗೊಳ್ಳಿ ಬಂದರಿನ ಮೀನಿನ ಏಲಂ. ಅಲ್ಲಿ ಬುಟ್ಟಿ ಕಣ್ಣೆದುರಿಗೇ ಇರ್ತದೆ. ಬೇಕಾದ್ರೆ ಬಂಗುಡೆ ಕಿವಿರು ಎತ್ತಿ ಕೆಂಪಗಿದೆಯಾ ಇಲ್ವಾ ನೋಡಿ, ಆಮೇಲೆ ರೇಟ್ ಕೂಗ್ಬಹುದು. ಇನ್ನೊಂದು ದೇವಸ್ಥಾನದ ಏಲಂ. ಅಲ್ಲಿ ಒಂದು ಬಾಳೆಗೊನೆ ಎರಡು ಸಾವಿರಕ್ಕೆ ಹೋದ್ರೂ ಯಾರೂ ಲೆಕ್ಕ ಕೇಳುದಿಲ್ಲ, ಅದು ಪ್ರಸಾದ.

ಈಗ ಮೂರನೇದು ಬಂದಿದೆ, ಮೊಬೈಲ್ ಒಳಗೆ. ವಿಮಾ ಕಂಪನಿ "ಇದು ರಿಪೇರಿ ಮಾಡಿ ಪ್ರಯೋಜನ ಇಲ್ಲ" ಅಂತ ಕೈಬಿಟ್ಟ ಗಾಡಿಗಳ ಏಲಂ. ಸಾಲ್ವೇಜ್ ಅಂತಾರೆ. ಹತ್ತು ಫೋಟೋ, ನಾಲ್ಕು ಸಾಲು ವಿವರ, ಕೆಳಗೆ "ಇದ್ದಲ್ಲಿ ಇದ್ದ ಹಾಗೆ" ಅನ್ನುವ ಷರತ್ತು. ಮುಂಗಡ ಠೇವಣಿ ಕಟ್ಟಿದವ ಬಿಡ್ ಹಾಕ್ಬಹುದು. ಕಿವಿರು ಎತ್ತಿ ನೋಡ್ಲಿಕ್ಕೆ ಹೋಗ್ಬೇಕಂದ್ರೆ ಗಾಡಿ ಚೆನ್ನೈಲೋ ಪುಣೆಲೋ ಯಾವುದೋ ಯಾರ್ಡಲ್ಲಿ ನಿಂತಿರ್ತದೆ.

ರೀಲ್ಸ್ ನೋಡಿದ್ದೀರಲ್ಲ? "ಇನ್ನೋವಾ ಬರೀ ನಾಲ್ಕು ಲಕ್ಷ, ಫಾರ್ಚೂನರ್ ಎಂಟು ಲಕ್ಷ, ಬೇಗ ಡಿಎಂ ಮಾಡಿ ಬ್ರೋ." ಹೋದ ತಿಂಗಳು ಇಂಥ ಒಂದು ರೀಲ್ ನಮ್ಮ ಫ್ಯಾಮಿಲಿ ಗ್ರೂಪಿಗೇ ಬಂತು. ಕಳಿಸಿದ್ದು ಮಾವ. ಅಪ್ಪಯ್ಯ ಅದನ್ನು ಮೂರು ಸಲ ನೋಡಿದ್ರು. ಅಜ್ಜಿಗೆ ತೋರಿಸಿದಾಗ ಅವ್ರು ಹೇಳಿದ್ದು ಒಂದೇ ಮಾತು: "ಅಷ್ಟ್ ಕಮ್ಮಿಗೆ ಸಿಕ್ಕತ್ತ್ ಅಂದ್ರೆ ಎಂತೋ ಇತ್ತ್."

ಎಂತ ಇದೆ ಅಂತ ಹುಡುಕಿಕೊಂಡು ಹೋದದ್ದೇ ಈ ಸೀರೀಸ್. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ: ಮನೆಯವರೆಲ್ಲ ಕೂತು ಹೋಗುವ ಗಾಡಿಯನ್ನು ಸಾಲ್ವೇಜ್ ಏಲಂನಿಂದ ತಗೊಳ್ಬಾರ್ದು. ಏಲಂ ಅಂದ್ರೆ ಮೋಸ ಅಂತ ಅಲ್ಲ. ಏಲಂ ಹಾಕುವವ ಇದು ಹಾಳಾದ ಗಾಡಿ ಅಂತ ಸ್ಪಷ್ಟವಾಗಿಯೇ ಬರೆದಿರ್ತಾನೆ. ಅಲ್ಲಿಂದ ನಮ್ಮ ಅಂಗಳಕ್ಕೆ ಬರುವಷ್ಟರಲ್ಲಿ ಆ ಬರೆದದ್ದು ಅಳಿಸಿ ಹೋಗಿರ್ತದೆ. ನನ್ನ ಸಿಟ್ಟು ಅದರ ಮೇಲೆ.

ಪೋಸ್ಟ್ 2

ಮೊದಲು ಒಂದು ಗಾಡಿ ಹ್ಯಾಗೆ "ಟೋಟಲ್ ಲಾಸ್" ಆಗ್ತದೆ ಅಂತ ಅರ್ಥ ಮಾಡ್ಕೊಳ್ಳುವ. ಸ್ವಲ್ಪ ಲೆಕ್ಕ ಇದೆ, ಸ್ವೈಪ್ ಮಾಡಿ ಓಡ್ಬೇಡಿ.

ಇನ್ಶೂರೆನ್ಸ್ ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಮೊತ್ತ ಇರ್ತದೆ. ಇವತ್ತಿನ ಮಟ್ಟಿಗೆ ಈ ಗಾಡಿಯ ಬೆಲೆ ಇಷ್ಟು ಅಂತ ಕಂಪನಿ ಒಪ್ಪಿಕೊಂಡದ್ದು. ಶೋರೂಮ್ ಬೆಲೆಯಿಂದ ವಯಸ್ಸಿಗೆ ತಕ್ಕ ಹಾಗೆ ಕಡಿತ ಆಗ್ತದೆ. ಆರು ತಿಂಗಳ ಒಳಗೆ 5%, ಒಂದು ವರ್ಷದ ಒಳಗೆ 15%, ಎರಡು ವರ್ಷದ ಒಳಗೆ 20%, ಮೂರಕ್ಕೆ 30%, ನಾಲ್ಕಕ್ಕೆ 40%, ಐದಕ್ಕೆ 50%. ರಿಪೇರಿ ಖರ್ಚು ಈ ಐಡಿವಿಯ 75% ದಾಟಿದ್ರೆ ಕಂಪನಿ ರಿಪೇರಿ ಮಾಡಿಸುದಿಲ್ಲ, ಟೋಟಲ್ ಲಾಸ್ ಅಂತ ಲೆಕ್ಕ ಹಿಡೀತದೆ.

ಉದಾಹರಣೆಗೆ 20 ಲಕ್ಷದ ಒಂದು ಗಾಡಿ ಅಂತ ಇಟ್ಕೊಳ್ಳಿ. ಮೂರೂವರೆ ವರ್ಷ ಆಗಿದೆ. 40% ಕಳೆದ್ರೆ ಐಡಿವಿ 12 ಲಕ್ಷ. ಅದರ 75% ಅಂದ್ರೆ 9 ಲಕ್ಷ. ಗಾಡಿ ಗುದ್ದಿತು, ಅಥವಾ ನೆರೆಯಲ್ಲಿ ಮುಳುಗಿತು. ಕಂಪನಿಯ ಸರ್ವಿಸ್ ಸೆಂಟರ್ ಎಸ್ಟಿಮೇಟ್ ಹಾಕಿತು, ಒಂಬತ್ತೂವರೆ ಲಕ್ಷ. ಮುಗೀತು ಕತೆ. ಮಾಲೀಕನಿಗೆ ಐಡಿವಿ ಲೆಕ್ಕದಲ್ಲಿ ದುಡ್ಡು ಸಿಗ್ತದೆ. ಗಾಡಿ ಏಲಂಗೆ ಹೋಗ್ತದೆ. ಯಾರೋ 4 ಲಕ್ಷಕ್ಕೆ ಎತ್ತಿಕೊಳ್ತಾನೆ.

ಈಗ ಕಾಣಿ. 4 ಲಕ್ಷಕ್ಕೆ ತಗೊಂಡವ ಅದಕ್ಕೆ ಒಂಬತ್ತೂವರೆ ಲಕ್ಷ ಹಾಕಿ ರಿಪೇರಿ ಮಾಡ್ತಾನಾ? ಮಾಡಿದ್ರೆ ಹದಿಮೂರೂವರೆ ಆಯ್ತು, 12 ಲಕ್ಷದ ಗಾಡಿಗೆ. ಹಾಗಾಗಿ ಅವನು 3 ಲಕ್ಷದಲ್ಲಿ ಮುಗಿಸ್ತಾನೆ. ಒಟ್ಟು 7. ಮಾರುದು ಒಂಬತ್ತೂವರೆಗೆ. ಅದೇ ವರ್ಷದ ಒಳ್ಳೆ ಗಾಡಿ ಹೊರಗೆ 12 ಲಕ್ಷ. ನಮ್ಮ ಅಪ್ಪಂದಿರು ಮನೆಗೆ ಬಂದು ಹೇಳುದು: "ಎರಡೂವರೆ ಲಕ್ಷ ಉಳೀತು."

ಒಂಬತ್ತೂವರೆ ಲಕ್ಷದ ಕೆಲಸ ಮೂರು ಲಕ್ಷದಲ್ಲಿ ಮುಗಿಯಿತಲ್ಲ, ಮಧ್ಯದ ಆರೂವರೆ ಲಕ್ಷದ ಕೆಲಸ ಎಲ್ಲಿ ಹೋಯ್ತು? ಸ್ವಲ್ಪ ಭಾಗ ನ್ಯಾಯವಾದದ್ದೇ. ಹಳೆ ಪಾರ್ಟ್ಸ್ ಹಾಕಿರ್ತಾರೆ, ಲೇಬರ್ ಕಮ್ಮಿ ಇರ್ತದೆ, ಸರ್ವಿಸ್ ಸೆಂಟರಿನ ರೇಟ್ ಜಾಸ್ತಿ ಇರ್ತದೆ, ಅದೆಲ್ಲ ಹೌದು. ಉಳಿದ ಭಾಗ ಮಾಡದೇ ಬಿಟ್ಟ ಕೆಲಸ. ಬಾನೆಟ್, ಬಂಪರ್, ಪೇಂಟ್, ಹೆಡ್‌ಲೈಟ್ ಎಲ್ಲ ಕಾಣ್ತದೆ, ಅದು ಆಗಿರ್ತದೆ. ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಳೆದು ಹಿಡಿಯುವ ಯಂತ್ರ, ಸೆನ್ಸರ್, ಒಳಗಿನ ವೈರಿಂಗ್ ಯಾವುದೂ ಕಾಣುದಿಲ್ಲ. ಕಾಣದ ಕೆಲಸಕ್ಕೆ ಯಾರು ದುಡ್ಡು ಹಾಕ್ತಾರೆ ಮಾರಾಯ್ರೆ?

ಪೋಸ್ಟ್ 3

ಏರ್‌ಬ್ಯಾಗ್ ಬಗ್ಗೆ ಸ್ವಲ್ಪ ನಿಲ್ತೇನೆ, ಎಂತಕ್ಕೆ ಅಂದ್ರೆ ಇದು ಗೊತ್ತಿಲ್ಲದವರೇ ಜಾಸ್ತಿ.

ಒಮ್ಮೆ ಬಿಚ್ಚಿದ ಏರ್‌ಬ್ಯಾಗನ್ನು ಮಡಚಿ ಒಳಗಿಡ್ಲಿಕ್ಕೆ ಆಗುದಿಲ್ಲ. ಹೊಸತೇ ಹಾಕ್ಬೇಕು. ಅದರ ಜೊತೆ ಕಂಟ್ರೋಲ್ ಮಾಡ್ಯೂಲ್, ಸೆನ್ಸರ್, ಬೆಲ್ಟಿನ ಪ್ರಿಟೆನ್ಷನರ್, ಕೆಲವೊಮ್ಮೆ ಇಡೀ ಡ್ಯಾಶ್‌ಬೋರ್ಡ್ ಬದಲಿಸ್ಬೇಕು. ಇದನ್ನು ತಪ್ಪಿಸ್ಲಿಕ್ಕೆ ಒಂದು ಹಳೆ ಉಪಾಯ ಉಂಟು. ಬ್ಯಾಗ್ ಇರುವ ಜಾಗದಲ್ಲಿ ಬರೀ ಮುಚ್ಚಳ ಕೂರಿಸುದು, ಸಿಸ್ಟಮ್ಮಿಗೆ ಬ್ಯಾಗ್ ಇದೆ ಅಂತ ಭ್ರಮೆ ಬರುವ ಹಾಗೆ ಕೆಲವೇ ರೂಪಾಯಿಯ ಒಂದು ರೆಸಿಸ್ಟರ್ ಸಿಕ್ಕಿಸುದು. ವಾರ್ನಿಂಗ್ ಲೈಟ್ ಆರಿ ಹೋಗ್ತದೆ. ಸ್ಟೀರಿಂಗ್ ಮೇಲೆ ಅಕ್ಷರ ಚಂದ ಮಾಡಿ ಕಾಣ್ತದೆ. ಒಳಗೆ ಏನೂ ಇಲ್ಲ. ಇನ್ನೂ ಸೋಮಾರಿಗಳು ಆ ಲೈಟಿನ ಬಲ್ಬನ್ನೇ ತೆಗೆದು ಹಾಕ್ತಾರೆ.

ಇದಕ್ಕೆ ಒಂದು ಸಣ್ಣ ಪರೀಕ್ಷೆ. ಕೀ ತಿರುಗಿಸಿದ ಕೂಡಲೇ, ಇಂಜಿನ್ ಸ್ಟಾರ್ಟ್ ಆಗುವ ಮೊದಲು, ಏರ್‌ಬ್ಯಾಗ್ ಚಿಹ್ನೆಯ ಲೈಟ್ ಹತ್ತಬೇಕು, ಕೆಲವು ಸೆಕೆಂಡಲ್ಲಿ ತಾನಾಗಿ ಆರಬೇಕು. ಹತ್ತಲೇ ಇಲ್ಲ ಅಂದ್ರೆ ಬಲ್ಬ್ ತೆಗೆದಿದ್ದಾರೆ. ಹತ್ತಿ ಆರದಿದ್ರೆ ಸಿಸ್ಟಮ್ ಕೆಟ್ಟಿದೆ. ಸರಿಯಾಗಿ ಹತ್ತಿ ಆರಿದ್ರೂ ರೆಸಿಸ್ಟರ್ ಇರ್ಬಹುದು. ಆ ಬ್ರಾಂಡಿನ ಸ್ಕ್ಯಾನರ್ ಇರುವವರ ಹತ್ರ ತೋರಿಸಿದ್ರೆ ಹಳೆ ಕ್ರ್ಯಾಶ್ ದಾಖಲೆ ಉಳಿದಿದ್ದರೆ ಸಿಗ್ತದೆ, ಬ್ಯಾಗ್ ನಿಜವಾಗಿ ಇದೆಯಾ ಅಂತ ಬಿಚ್ಚಿಯೂ ನೋಡ್ತಾರೆ.

ಕೆರಾಡಿಯಿಂದ ಕೊಲ್ಲೂರಿಗೋ, ಅಲ್ಲಿಂದ ನಾಗೋಡಿ ಘಾಟಿ ಹತ್ತಿ ಮೇಲೆಯೋ ಹೋದವರಿಗೆ ಆ ತಿರುವುಗಳು ಗೊತ್ತು. ಮಳೆಗಾಲದಲ್ಲಿ ಎದುರಿನ ಬಸ್ ಕಾಣುದು ಹತ್ತಿರ ಬಂದ ಮೇಲೆಯೇ. ನಮ್ಮ ಮನೆಯಲ್ಲಿ ಗಾಡಿ ಬೇಕು ಅಂತ ಶುರುವಾದದ್ದೇ ಅಜ್ಜಿಯನ್ನು ಮಣಿಪಾಲಕ್ಕೆ ಕರ್ಕೊಂಡು ಹೋಗ್ಲಿಕ್ಕೆ, ತಂಗಿಯ ಇಬ್ಬರು ಸಣ್ಣ ಮಕ್ಕಳು ಊರಿಗೆ ಬಂದಾಗ ಎಲ್ಲರೂ ಒಟ್ಟಿಗೆ ತಿರುಗ್ಲಿಕ್ಕೆ. ಅಂಥವರನ್ನು ಕೂರಿಸುವ ಗಾಡಿಯಲ್ಲಿ ಬ್ಯಾಗಿನ ಜಾಗದಲ್ಲಿ ಮುಚ್ಚಳ ಇದ್ರೆ ಉಳಿದ ಎರಡೂವರೆ ಲಕ್ಷಕ್ಕೆ ಎಂತ ಅರ್ಥ?

ಪೋಸ್ಟ್ 4

ನೀರು ಕುಡಿದ ಗಾಡಿ.

ಗುದ್ದಿದ ಗಾಡಿಗಿಂತ ನನಗೆ ಇದರ ಹೆದರಿಕೆ ಜಾಸ್ತಿ. ಗುದ್ದಿದ್ದರ ಗುರುತು ಎಲ್ಲಾದ್ರೂ ಇರ್ತದೆ, ನೀರಿನದ್ದು ತೊಳೆದ್ರೆ ಹೋಗ್ತದೆ. 2015ರ ಡಿಸೆಂಬರಿನಲ್ಲಿ ಚೆನ್ನೈ, 2018ರ ಆಗಸ್ಟಿನಲ್ಲಿ ಕೇರಳ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಔಟರ್ ರಿಂಗ್ ರೋಡ್ ಕಡೆ, 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಮತ್ತೆ ಚೆನ್ನೈ. ಬೆಂಗಳೂರಿನ ಆ ವಿಲ್ಲಾಗಳ ಎದುರು ಬೆಂಟ್ಲಿ, ಲೆಕ್ಸಸ್ ಮುಳುಗಿ ನಿಂತ ಫೋಟೋ ನಾವೆಲ್ಲ ಶೇರ್ ಮಾಡಿ ನಗಾಡಿದ್ದೆವು. ನಮ್ಮ ಉಡುಪಿಯೂ 2020ರ ಸೆಪ್ಟೆಂಬರಿನ ಒಂದು ರಾತ್ರಿ ಮಳೆಗೆ ಮುಳುಗಿತ್ತು.

ಆ ಗಾಡಿಗಳೆಲ್ಲ ಎಲ್ಲಿಗೆ ಹೋದವು ಅಂತ ಯಾರಾದ್ರೂ ಕೇಳಿದ್ದೀರಾ? ಕೆಲವು ಸರಿಯಾಗಿ ರಿಪೇರಿ ಆದವು, ಕೆಲವು ಗುಜರಿಗೆ ಹೋದವು, ಉಳಿದವು ಏಲಂ ಆಗಿ, ತೊಳೆದು, ಪಾಲಿಶ್ ಆಗಿ, ನೆರೆ ಬಾರದ ಊರಿನವರಿಗೆ ಮಾರಾಟಕ್ಕೆ ಬಂದವು.

ಇಂಜಿನ್ ಒಳಗೆ ನೀರು ಹೋದಾಗ ಸ್ಟಾರ್ಟ್ ಮಾಡಿದ್ರೆ ಪಿಸ್ಟನ್ ನೀರನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇದು ಕೂಡಲೇ ಗೊತ್ತಾಗುವ ಕಾಯಿಲೆ. ವೈರಿಂಗ್‌ನದ್ದು ಹಾಗಲ್ಲ. ಈಗಿನ ಗಾಡಿಗಳಲ್ಲಿ ಕಂಪ್ಯೂಟರ್ ಪೆಟ್ಟಿಗೆಗಳು ಸೀಟಿನ ಅಡಿ, ಡ್ಯಾಶ್‌ಬೋರ್ಡಿನ ಅಡಿ, ಗೇರಿನ ಪಕ್ಕದ ಕನ್ಸೋಲ್ ಅಡಿ ಎಲ್ಲ ಇರ್ತವೆ. ಕೆಸರು ನೀರು ಕನೆಕ್ಟರ್ ಒಳಗೆ ನುಗ್ಗಿ ಕೂತ್ರೆ ಮೆಲ್ಲ ಮೆಲ್ಲ ಹಸಿರು ಹಿಡೀತದೆ. ಟೆಸ್ಟ್ ಡ್ರೈವ್ ದಿನ ಎಲ್ಲ ಸರಿ ಇರ್ತದೆ. ಆರು ತಿಂಗಳು ಕಳೆದ ಮೇಲೆ ಒಂದು ದಿನ ಎಬಿಎಸ್ ಲೈಟ್ ಬರ್ತದೆ, ಇನ್ನೊಂದು ದಿನ ಪವರ್ ಸ್ಟೀರಿಂಗ್ ಗಟ್ಟಿಯಾಗ್ತದೆ. ಮಾರಿದವನ ಫೋನ್ ಅಷ್ಟೊತ್ತಿಗೆ ಸ್ವಿಚ್ ಆಫ್.

ನೋಡುವ ಜಾಗ: ಸೀಟ್ ಬೆಲ್ಟನ್ನು ಪೂರ್ತಿ, ಕೊನೆ ತನಕ ಎಳೀರಿ. ಬೆಲ್ಟಿನ ಕೊನೆಯಲ್ಲಿ ನೀರಿನ ಗೆರೆ, ಮಣ್ಣಿನ ಬಣ್ಣ ಇದ್ರೆ ಗೊತ್ತಾಗ್ತದೆ. ಒಂದೇ ಗಾಡಿಯಲ್ಲಿ ಬೆಲ್ಟ್ ಮಾತ್ರ ಹೊಚ್ಚ ಹೊಸತು ಇದ್ರೂ ಯಾಕೆ ಅಂತ ಕೇಳ್ಬೇಕು. ಸ್ಟೆಪ್ನಿ ತೆಗೆದು ಅದರ ಗುಂಡಿ ನೋಡಿ. ಸೀಟಿನ ಹಳಿಗಳ ಬೋಲ್ಟ್ ತುಕ್ಕು ಹಿಡಿದಿದೆಯಾ, ಕಾರ್ಪೆಟ್ ಎತ್ತಿದ್ರೆ ಅಡಿಯಲ್ಲಿ ನುಣ್ಣಗಿನ ಕೆಸರು ಒಣಗಿದೆಯಾ, ಹೆಡ್‌ಲೈಟಿನ ಒಳಗೆ ಗೆರೆ ಇದೆಯಾ.

ವಾಸನೆ ನೋಡಿ ಅಂತ ಎಲ್ಲ ವಿಡಿಯೋದಲ್ಲೂ ಹೇಳ್ತಾರೆ. ಬೆಂಗಳೂರಿನವರಿಗೆ ಅದು ಸರಿ. ನಮ್ಮಲ್ಲಿ ಆಟಿ ತಿಂಗಳಲ್ಲಿ ಮನೆಯ ಕಂಬಳಿ, ಪುಸ್ತಕ, ದೇವರ ಕೋಣೆ ಎಲ್ಲ ಬೂಷ್ಟು ವಾಸನೆಯೇ. ಆಗ ಗಾಡಿ ಮೂಸಿ ಎಂತ ಗೊತ್ತಾಗ್ತದೆ? ನನ್ನ ಮಾತು ಕೇಳುದಾದ್ರೆ ಹಳೆ ಗಾಡಿ ನೋಡುದನ್ನು ದೀಪಾವಳಿ ಕಳೆದ ಮೇಲೆ ಇಟ್ಕೊಳ್ಳಿ. ಬಿಸಿಲಲ್ಲಿ ಎರಡು ಗಂಟೆ ಗ್ಲಾಸ್ ಏರಿಸಿ ನಿಲ್ಲಿಸಿ, ಆಮೇಲೆ ಬಾಗಿಲು ತೆಗೆದು ಮೂಸಿ.

ಪೋಸ್ಟ್ 5

ಹಿಂದಿನ ಪೋಸ್ಟಿಗೆ ಒಬ್ಬ ಕ್ಲಾಸ್‌ಮೇಟ್ ಕಮೆಂಟ್ ಹಾಕಿದ್ದಾನೆ: "ಆರ್‌ಸಿ ಇದ್ರೆ ಆಯ್ತಲ್ಲ, ಗಾಡಿ ಲೀಗಲ್." ಇದಕ್ಕೆ ಒಂದು ಇಡೀ ಪೋಸ್ಟ್ ಬೇಕು.

ಸಾಲ್ವೇಜ್ ಗಾಡಿ ಎರಡು ರೀತಿ ಏಲಂಗೆ ಬರ್ತದೆ, ಆರ್‌ಸಿ ಸಮೇತ ಮತ್ತು ಆರ್‌ಸಿ ಇಲ್ಲದೆ. ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಗಾಡಿ ಪೂರ್ತಿ ನಾಶವಾದ್ರೆ ಅಥವಾ ಇನ್ನು ಯಾವತ್ತೂ ಓಡಿಸಲಾಗದ ಸ್ಥಿತಿಗೆ ಬಂದ್ರೆ ಮಾಲೀಕ 14 ದಿನದ ಒಳಗೆ ಆರ್‌ಟಿಒಗೆ ತಿಳಿಸ್ಬೇಕು, ನೋಂದಣಿ ರದ್ದಾಗ್ಬೇಕು. ರದ್ದಾದ ಗಾಡಿ ಬರೀ ಪಾರ್ಟ್ಸ್‌ಗೆ. ಅದರ ಬಾಗಿಲು, ಗೇರ್‌ಬಾಕ್ಸ್, ಸೀಟು ಇನ್ನೊಂದು ಗಾಡಿಗೆ ಉಪಯೋಗಕ್ಕೆ ಬರ್ತದೆ, ಅದು ಒಳ್ಳೆ ಕೆಲಸವೇ. ಅದಕ್ಕೆ ನನ್ನ ವಿರೋಧ ಇಲ್ಲ.

ಆರ್‌ಸಿ ಸಮೇತ ಬಂದದ್ದರಲ್ಲಿ ಎರಡು ಅಪಾಯ. ಒಂದು, ಮೇಲೆ ಹೇಳಿದ ಅರೆಬರೆ ರಿಪೇರಿ. ಇನ್ನೊಂದು ಅದಕ್ಕಿಂತ ಕೆಟ್ಟದ್ದು. ಪುಡಿಯಾದ ಗಾಡಿಯಿಂದ ಕೆಲವರಿಗೆ ಬೇಕಾಗುದು ಗಾಡಿಯಲ್ಲ, ಕಾಗದ. ಅದೇ ಮಾಡೆಲಿನ, ಅದೇ ಬಣ್ಣದ ಇನ್ನೊಂದು ಗಾಡಿ ಕದ್ದು, ಅದರ ಚಾಸಿಸ್ ನಂಬರ್ ಉಜ್ಜಿ ತೆಗೆದು ಪುಡಿ ಗಾಡಿಯ ನಂಬರ್ ಹೊಡೆದ್ರೆ ಕದ್ದ ಗಾಡಿಗೆ ಹೊಸ ಜನ್ಮ. 2020ರಲ್ಲಿ ಲಖನೌ ಪೊಲೀಸರು ಹಿಡಿದ ಜಾಲ ಇಂಥದ್ದೇ. ಟೋಟಲ್ ಲಾಸ್ ಗಾಡಿಗಳ ಕಾಗದವನ್ನು ಕದ್ದ ಗಾಡಿಗಳಿಗೆ ಕೂರಿಸಿ ಮಾರ್ತಿದ್ದರು. ಅವತ್ತು ಸಿಕ್ಕಿದ್ದರಲ್ಲಿ ದೊಡ್ಡ ದೊಡ್ಡ ಗಾಡಿಗಳೇ ಇದ್ದವು. ಅದನ್ನು ತಗೊಂಡ ಮನೆಯವರ ದುಡ್ಡೂ ಹೋಯ್ತು, ಗಾಡಿಯೂ ಪೊಲೀಸ್ ಸ್ಟೇಷನ್ನಿಗೆ ಹೋಯ್ತು ಅಂತ ಬೇರೆ ಹೇಳ್ಬೇಕಾ?

ಇನ್ನೂ ಒಂದು. ಏಲಂನಲ್ಲಿ ತಗೊಂಡವ ಹೆಚ್ಚಾಗಿ ತನ್ನ ಹೆಸರಿಗೆ ಆರ್‌ಸಿ ಮಾಡಿಸಿಕೊಳ್ಳುದಿಲ್ಲ. ಮೊದಲ ಮಾಲೀಕನ ಸಹಿ ಇರುವ ಫಾರ್ಮ್ 29, ಫಾರ್ಮ್ 30 ಖಾಲಿ ಇಟ್ಕೊಂಡೇ ಮಾರ್ತಾನೆ. ಹಾಗಾಗಿ ನಿಮಗೆ ಸಿಗುವ ಆರ್‌ಸಿಯಲ್ಲಿ "ಒಂದೇ ಓನರ್" ಅಂತ ಬರ್ತದೆ. ಅದನ್ನು ಕಂಡು ಮನೆಯವರು ಖುಷಿ ಪಡ್ತಾರೆ! 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದೇ ಕೈಯಿಂದ ಕೈಗೆ ದಾಟುವ ಗಾಡಿಗಳ ಬಗ್ಗೆ ಹೇಳಿತು: ಗಾಡಿ ಎಷ್ಟು ಕೈ ಬದಲಾಯಿಸಿರಲಿ, ಆರ್‌ಸಿಯಲ್ಲಿ ಹೆಸರು ಇರುವವನೇ ಮಾಲೀಕ, ಅಪಘಾತದ ಪರಿಹಾರಕ್ಕೆ ಅವನೇ ಹೊಣೆ. ಅಂದ್ರೆ ಮಾರುವವನಿಗೂ ಆರ್‌ಸಿಯಲ್ಲಿ ಇರುವ ಹೆಸರಿಗೂ ಸಂಬಂಧ ಇಲ್ಲದಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ತಗೊಂಡವರು 30 ದಿನದ ಒಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಬೇಕು ಅಂತ ಕಾಯ್ದೆಯಲ್ಲೇ ಇದೆ.

ಬೇರೆ ರಾಜ್ಯದ ನಂಬರ್ ಆದ್ರೆ ಎನ್‌ಒಸಿ ತರಿಸ್ಬೇಕು, ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಟಬೇಕು, ಆಮೇಲೆ ಕೆಎ 20. ದೆಹಲಿ ನಂಬರಿನ ಹತ್ತು ವರ್ಷ ಹತ್ತಿರದ ಡೀಸೆಲ್ ಗಾಡಿಗಳು ಇಷ್ಟು ಸೋವಿಗೆ ಬರ್ಲಿಕ್ಕೆ ಕಾರಣ ಅಲ್ಲಿನ ನಿಷೇಧ. 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಗಟ್ಟಿ ಮಾಡಿದ್ದು. ಅದು ಸಾಲ್ವೇಜ್ ಅಲ್ಲ, ಬೇರೆ ಕತೆ. ಆದ್ರೆ ಮಾರುವವ ಎರಡನ್ನೂ ಒಂದೇ ರೀಲಿನಲ್ಲಿ ತೋರಿಸ್ತಾನೆ, ಹಾಗಾಗಿ ಹೇಳಿದೆ.

ಪೋಸ್ಟ್ 6

ಈಗ ನನ್ನ ಮುಖ್ಯ ವಾದಕ್ಕೆ ಬರ್ತೇನೆ.

ನಿಮ್ಮ ಮನೆಯ ಯಾವುದಾದ್ರೂ ಗಾಡಿಯ ಆರ್‌ಸಿ ಕಾರ್ಡ್ ತೆಗೆದು ನೋಡಿ. ಚಾಸಿಸ್ ನಂಬರ್, ಇಂಜಿನ್ ನಂಬರ್, ಬಣ್ಣ, ಎಷ್ಟು ಸೀಟು, ಯಾವ ಬ್ಯಾಂಕಿನ ಸಾಲ ಎಲ್ಲ ಬರೆದಿದೆ. ಈ ಗಾಡಿಯನ್ನು ಒಮ್ಮೆ ಟೋಟಲ್ ಲಾಸ್ ಅಂತ ಬರೆದು ಹಾಕಿದ್ದರು ಅಂತ ಹೇಳುವ ಕಾಲಂ ಇದೆಯಾ? ಇಲ್ಲ.

ಅಮೆರಿಕದಲ್ಲಿ ಇಂಥ ಗಾಡಿಯ ಮಾಲೀಕತ್ವದ ಕಾಗದದ ಮೇಲೆಯೇ "ಸಾಲ್ವೇಜ್" ಅಂತ ಮುದ್ರೆ ಬೀಳ್ತದೆ. ರಿಪೇರಿ ಮಾಡಿ ತಪಾಸಣೆ ಆದ ಮೇಲೆ "ರೀಬಿಲ್ಟ್" ಅಂತ ಆಗ್ತದೆ, ಮೊದಲಿನ ಹಾಗೆ ಕ್ಲೀನ್ ಆಗುದಿಲ್ಲ. ಬ್ರಿಟನ್ನಿನಲ್ಲಿ 2017ರ ಅಕ್ಟೋಬರಿನಿಂದ ನಾಲ್ಕು ವರ್ಗ: 'ಎ' ಪೂರ್ತಿ ಪುಡಿ ಮಾಡ್ಬೇಕು, 'ಬಿ' ಪಾರ್ಟ್ಸ್‌ಗೆ ಮಾತ್ರ, 'ಎಸ್' ಅಂದ್ರೆ ಗಾಡಿಯ ಮೂಳೆಗೇ ಪೆಟ್ಟು, 'ಎನ್' ಅಂದ್ರೆ ಮೂಳೆ ಸರಿ ಇದೆ. ಜಪಾನಿನ ಏಲಂನಲ್ಲಿ ಅಪಘಾತವಾಗಿ ರಿಪೇರಿ ಆದ ಗಾಡಿಗೆ 'ಆರ್' ಗ್ರೇಡ್. ಅಲ್ಲೆಲ್ಲ ಎಲ್ಲರೂ ಸತ್ಯವಂತರು ಅಂತ ನಾನು ಹೇಳ್ತಿಲ್ಲ. ಅಮೆರಿಕದಲ್ಲೇ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಾಗಿಸಿ ಮುದ್ರೆ ತೊಳೆಯುವ ದಂಧೆ ಇದೆ, ಅದನ್ನು ತಡೀಲಿಕ್ಕೆ ದೇಶಕ್ಕೆ ಒಂದೇ ಡೇಟಾಬೇಸ್ ಮಾಡಿದ್ದಾರೆ. ಆದ್ರೆ ಅಲ್ಲಿ ತೊಳೀಲಿಕ್ಕೆ ಒಂದು ಮುದ್ರೆಯಾದ್ರೂ ಇದೆ. ನಮ್ಮಲ್ಲಿ ತೊಳೆಯುವ ಕಷ್ಟವೂ ಇಲ್ಲ.

ತಂತ್ರಜ್ಞಾನ ಇಲ್ಲ ಅಂತ ಹೇಳುವ ಹಾಗಿಲ್ಲ. ವಾಹನ್ ಪೋರ್ಟಲಿನಲ್ಲಿ ಗಾಡಿ ನಂಬರ್ ಹಾಕಿದ್ರೆ ಇನ್ಶೂರೆನ್ಸ್ ಯಾವ ತಾರೀಕಿನ ತನಕ ಇದೆ ಅಂತ ಬರ್ತದೆ. ಅಂದ್ರೆ ವಿಮಾ ಕಂಪನಿಯ ಕಂಪ್ಯೂಟರ್ ಮತ್ತು ಆರ್‌ಟಿಒ ಕಂಪ್ಯೂಟರ್ ಆಗಲೇ ಮಾತಾಡ್ತಿವೆ. ವಿಮಾ ಕಂಪನಿಗಳ ಮಾಹಿತಿಯನ್ನೆಲ್ಲ ಒಂದು ಕಡೆ ಸೇರಿಸ್ಲಿಕ್ಕೆ ಐಐಬಿ ಅಂತ ಸಂಸ್ಥೆಯೇ 2009ರಲ್ಲಿ ಶುರುವಾಗಿದೆ. ಟೋಟಲ್ ಲಾಸ್ ಕ್ಲೈಮ್ ಕೊಟ್ಟ ದಿನ ಒಂದೇ ಒಂದು ಸಾಲು ವಾಹನ್‌ಗೆ ಹೋದ್ರೆ ಸಾಕು: ಯಾವ ತಿಂಗಳು, ನೀರಾ, ಅಪಘಾತವಾ, ಬೆಂಕಿಯಾ.

"ಹಾಗೆ ಮಾಡಿದ್ರೆ ಬಡವರಿಗೆ ದೊಡ್ಡ ಗಾಡಿ ಸಿಗುದೇ ಇಲ್ಲ" ಅಂತ ಒಬ್ಬರು ಗ್ಯಾರೇಜಿನ ಅಣ್ಣ ನನ್ನ ಹತ್ರ ವಾದ ಮಾಡಿದ್ರು. ಒಳ್ಳೆ ಮನುಷ್ಯ, ಕೆಲಸವೂ ಚೊಕ್ಕ. ನಾನು ಒಪ್ಪುದಿಲ್ಲ. ಮುದ್ರೆ ಬಿದ್ದ ಗಾಡಿಯೂ ಮಾರಾಟ ಆಗ್ತದೆ. ನಮ್ಮ ಲೆಕ್ಕದ ಒಂಬತ್ತೂವರೆ ಲಕ್ಷದ ಗಾಡಿ ಆಗ ಏಳೂವರೆಗೋ ಎಂಟಕ್ಕೋ ಹೋಗ್ತದೆ. ತಗೊಳ್ಳುವವನಿಗೆ ಇನ್ನೂ ಸೋವಿ, ಮತ್ತೆ ಎಂತ ತಗೊಳ್ತಿದ್ದೇನೆ ಅಂತ ಗೊತ್ತಿರ್ತದೆ. ಚೊಕ್ಕ ಕೆಲಸ ಮಾಡುವ ಆ ಅಣ್ಣನಂಥವರಿಗೂ "ಇದು ಎನ್ ವರ್ಗ, ನಾನು ಇಂತಿಂಥದ್ದು ಬದಲಿಸಿದ್ದೇನೆ, ಬಿಲ್ ಇಲ್ಲಿದೆ" ಅಂತ ತಲೆ ಎತ್ತಿ ಮಾರ್ಬಹುದು. ಈಗ ಅವರೂ, ರೆಸಿಸ್ಟರ್ ಸಿಕ್ಕಿಸುವವನೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ನಷ್ಟ ಆಗುದು ಮುಚ್ಚಿಟ್ಟು ಮಾರುವವನಿಗೆ ಮಾತ್ರ.

ಪೋಸ್ಟ್ 7

ಆ ಸಾಲು ಆರ್‌ಸಿಯಲ್ಲಿ ಬರುವ ತನಕ ಕಾಯ್ಲಿಕ್ಕೆ ಆಗುದಿಲ್ಲ, ಮುಂದಿನ ಭಾನುವಾರವೇ ಅಪ್ಪ ಗಾಡಿ ನೋಡ್ಲಿಕ್ಕೆ ಹೋಗ್ತಾರೆ ಅನ್ನುವವರಿಗೆ. ಗಾಡಿ ಏಲಂನದ್ದು ಅಂತ ಯಾರೂ ಹೇಳಿರುದಿಲ್ಲ, ಹಾಗಾಗಿ ಯಾವ ಹಳೆ ಗಾಡಿ ಆದ್ರೂ ಇದನ್ನು ನೋಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ ಹಳೆ ಪಾಲಿಸಿಗಳದ್ದು. ಪ್ರತಿ ವರ್ಷದ ಇನ್ಶೂರೆನ್ಸ್ ಕಾಪಿ ಕೇಳಿ. ಕ್ಲೈಮ್ ಮಾಡದಿದ್ದವರಿಗೆ ನೋ ಕ್ಲೈಮ್ ಬೋನಸ್ ಅಂತ ರಿಯಾಯಿತಿ ಏರ್ತಾ ಹೋಗ್ತದೆ: 20, 25, 35, 45, 50%. ಒಂದೇ ಮಾಲೀಕನ ಹೆಸರಲ್ಲಿ 35ಕ್ಕೆ ಬಂದದ್ದು ಮುಂದಿನ ವರ್ಷ ಸೊನ್ನೆ ಆಗಿದ್ರೆ ಮಧ್ಯದಲ್ಲಿ ಕ್ಲೈಮ್ ಆಗಿದೆ. ಎಂತ ಕ್ಲೈಮ್ ಅಂತ ಕೇಳಿ. ಟೋಟಲ್ ಲಾಸ್ ದುಡ್ಡು ಕೊಟ್ಟ ಮೇಲೆ ಆ ಪಾಲಿಸಿ ಅಲ್ಲಿಗೇ ಮುಗೀತದೆ. ಹಾಗಾಗಿ ಪಾಲಿಸಿಗಳ ನಡುವೆ ನಾಲ್ಕೈದು ತಿಂಗಳ ಗ್ಯಾಪ್ ಇದ್ದು, ಆಮೇಲೆ ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಇದ್ರೆ ಬಹಳ ಜಾಗ್ರತೆ. ಹಳೆ ಕಾಪಿ "ಕಳೆದು ಹೋಗಿದೆ" ಅಂದ್ರೆ ಅದೂ ಒಂದು ಉತ್ತರವೇ.

ಗ್ಲಾಸ್ ನೋಡಿ. ಪ್ರತಿ ಗ್ಲಾಸಿನ ಮೂಲೆಯಲ್ಲಿ ತಯಾರಿಕೆಯ ವರ್ಷದ ಗುರುತು ಇರ್ತದೆ. ಐದು ಗ್ಲಾಸ್ 2019, ಒಂದು ಬದಿಯದ್ದು ಮಾತ್ರ 2022 ಅಂದ್ರೆ ಆ ಬದಿಗೆ ಏನೋ ಆಗಿದೆ. ಬಾನೆಟ್, ಫೆಂಡರಿನ ಬೋಲ್ಟಿನ ಮೇಲೆ ಸ್ಪ್ಯಾನರ್ ಹಾಕಿದ ಗಾಯ ಇದೆಯಾ ನೋಡಿ. ಬೊಲೆರೊ, ಸ್ಕಾರ್ಪಿಯೊ, ಇನ್ನೋವಾದಂಥ ಚಾಸಿಸ್ ಮೇಲೆ ಬಾಡಿ ಕೂರಿಸಿದ ಗಾಡಿಯಾದ್ರೆ ಅಡಿಗೆ ಮಲಗಿ ಉದ್ದದ ಕಂಬಿಗಳನ್ನು ನೋಡಿ, ವೆಲ್ಡಿಂಗ್ ಹೊಸತಾ, ಎರಡೂ ಬದಿ ಒಂದೇ ರೀತಿ ಇದೆಯಾ ಅಂತ. ಎರ್ಟಿಗಾ, ಎಕ್ಸ್‌ಯುವಿ 500 ಥರದವಕ್ಕೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಎಲುಬು. ಅದಕ್ಕೆ ಪೆಟ್ಟಾಗಿದ್ರೆ ನೇರ ಮಾಡುದು ಊರ ಗ್ಯಾರೇಜಿನ ಕೆಲಸ ಅಲ್ಲ. ಚಾಸಿಸ್ ನಂಬರ್ ಮೇಲೆ ಬೆರಳಾಡಿಸಿ. ಅಕ್ಷರ ಓರೆಕೋರೆ ಇದ್ರೆ, ಸುತ್ತ ಉಜ್ಜಿದ ಹಾಗಿದ್ರೆ ಮುಂದೆ ಮಾತೇ ಬೇಡ. ಅದೇ ನಂಬರ್ ಹಿಡ್ಕೊಂಡು ಆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹಿಸ್ಟರಿ ಕೇಳಿಸಿ. ಕಳವಿನ ಗಾಡಿಯಾ ಅಂತ ನೋಡ್ಲಿಕ್ಕೆ ಎನ್‌ಸಿಆರ್‌ಬಿಯ 'ವಾಹನ್ ಸಮನ್ವಯ' ಇದೆ, ಯಾರೂ ನೋಡ್ಬಹುದು.

ದುಡ್ಡು ಕೊಡುವ ಮೊದಲು ಒಂದು ವಿಮಾ ಕಂಪನಿಯ ಹತ್ರ ಫುಲ್ ಇನ್ಶೂರೆನ್ಸಿಗೆ ಇನ್‌ಸ್ಪೆಕ್ಷನ್ ಮಾಡಿಸಿ. ಅವರು ಹಿಂದೆ ಸರಿದ್ರೆ ನಾವೂ ಸರಿಯುದು ಒಳ್ಳೇದು. ತಗೊಂಡ ಮೇಲೆ 14 ದಿನದ ಒಳಗೆ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಿ. ಥರ್ಡ್ ಪಾರ್ಟಿ ರಕ್ಷಣೆ ಗಾಡಿಯ ಜೊತೆಗೇ ಬರ್ತದೆ, ನಿಮ್ಮ ಗಾಡಿಗೆ ಆಗುವ ನಷ್ಟದ್ದು ಹೆಸರು ಬದಲಾಗದೆ ಬರುದಿಲ್ಲ.

ಮತ್ತೆ ಮೆಕ್ಯಾನಿಕ್ಕನ್ನು ನಿಮ್ಮ ಊರಿನಿಂದಲೇ ಕರ್ಕೊಂಡು ಹೋಗಿ, ಮಾರುವವ ತೋರಿಸಿದವರನ್ನಲ್ಲ. ಒಂದು ದಿನದ ಕೂಲಿ, ಊಟ, ಡೀಸೆಲ್ ಖರ್ಚು ಎಷ್ಟಾದ್ರೂ ಆಗ್ಲಿ.

ಪೋಸ್ಟ್ 8

ಏಲಂ ಅಂದ್ರೆಲ್ಲ ಸಾಲ್ವೇಜ್ ಅಲ್ಲ ಅಂತಲೂ ಹೇಳ್ಬೇಕು, ಇಲ್ಲದಿದ್ರೆ ಅನ್ಯಾಯ. ಸಾಲ ಕಟ್ಟದೆ ಬ್ಯಾಂಕ್ ಸೀಜ್ ಮಾಡಿದ ಗಾಡಿಗಳ ಏಲಂ ಬೇರೆ. ಅದರಲ್ಲಿ ಓಡುವ, ಗುದ್ದದ ಗಾಡಿ ಸಿಗ್ತದೆ. ಅಲ್ಲಿಯೂ "ಇದ್ದ ಹಾಗೆ" ಷರತ್ತೇ. ಸೀಜ್ ಆಗುವ ಮೊದಲು ಆ ಮನುಷ್ಯ ಸರ್ವಿಸ್ ಮಾಡಿಸಿರುದು ಅನುಮಾನ, ಬಾಕಿ ಫೈನ್ ಇರ್ಬಹುದು, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸ್ಲಿಕ್ಕೆ ಫಾರ್ಮ್ 35 ಕೈಗೆ ಬರ್ಬೇಕು. ಆದ್ರೂ ಸಾಲ್ವೇಜ್ ಜೊತೆ ಹೋಲಿಸಿದ್ರೆ ಇದು ಎಷ್ಟೋ ವಾಸಿ. ಸರ್ಕಾರಿ ಇಲಾಖೆಗಳ ಹಳೆ ಜೀಪು, ಬೊಲೆರೊ ಎಂಎಸ್‌ಟಿಸಿ ಮೂಲಕ ಏಲಂಗೆ ಬರ್ತವೆ; ತೋಟಕ್ಕೆ ಬೇಕಾದವರು ನೋಡ್ಲಿ, ಅಜ್ಜಿಯನ್ನು ಮಣಿಪಾಲಕ್ಕೆ ಕರ್ಕೊಂಡು ಹೋಗ್ಲಿಕ್ಕೆ ಅಲ್ಲ.

ಇನ್ನೊಂದು ಪ್ರಶ್ನೆ ಯಾರೂ ಕೇಳುದಿಲ್ಲ. ಏಳು ಸೀಟು ನಮಗೆ ನಿಜವಾಗಿ ವರ್ಷಕ್ಕೆ ಎಷ್ಟು ದಿನ ಬೇಕು? ನಮ್ಮ ಮನೆದ್ದು ನಾನು ಪೇಪರಲ್ಲಿ ಬರೆದೆ. ಹಬ್ಬ, ಎರಡು ಮದುವೆ, ಒಂದು ಗೃಹಪ್ರವೇಶ, ತಂಗಿ ಊರಿಗೆ ಬಂದಾಗ ಎರಡು ದಿನ. ಎಂಟೋ ಹತ್ತೋ ದಿನ. ಅಷ್ಟು ದಿನಕ್ಕೆ ವಂಡ್ಸೆಯಿಂದ ಬಾಡಿಗೆ ಗಾಡಿ ಕರೆದ್ರೆ ಒಂದು ದೊಡ್ಡ ಗಾಡಿಯ ವರ್ಷದ ಇನ್ಶೂರೆನ್ಸ್ ಮತ್ತು ಟಯರ್ ಖರ್ಚಿನಲ್ಲೇ ಮುಗೀತದೆ. ಉಳಿದ ದಿನಕ್ಕೆ ನಾಲ್ಕು ಜನ ಕೂರುವ, ಊರಲ್ಲೇ ಯಾರದ್ದೋ ಗುರುತಿನವರ ಹಳೆ ಸಣ್ಣ ಕಾರು ಸಾಕು. ಗುರುತಿನವರ ಗಾಡಿಯ ಹಿಸ್ಟರಿಗೆ ಪೋರ್ಟಲ್ ಬೇಡ, ಎಲ್ಲಿ ಗುದ್ದಿದ್ದು, ಯಾರ ಗದ್ದೆಗೆ ಇಳಿದದ್ದು ಎಲ್ಲ ಊರಿಗೇ ಗೊತ್ತಿರ್ತದೆ.

ಇದನ್ನು ಹೇಳಿದ್ದಕ್ಕೆ ಮಾವ ಗ್ರೂಪಿನಲ್ಲಿ "ಸಣ್ಣ ಕಾರ್ ತಗಂಡ್ ಮದ್ವಿಗ್ ಹೋಪ್ಕಾತ್ತಾ" ಅಂತ ವಾಯ್ಸ್ ನೋಟ್ ಹಾಕಿದ್ರು. ನಿಜ ಕಾರಣ ಅಲ್ಲಿದೆ. ಮದುವೆ ಹಾಲಿನ ಎದುರು ಕಪ್ಪು ಗಾಡಿಯಿಂದ ಇಳಿಯುವ ಗತ್ತು. ನಮ್ಮ ವಯಸ್ಸಿನವರೂ ಕಮ್ಮಿ ಇಲ್ಲ, 'ಕಾಂತಾರ' ಬಂದ ಮೇಲೆ ಕೆರಾಡಿ ಅಂದ್ರೆ ಎಲ್ಲರಿಗೂ ಗೊತ್ತು, ಸ್ಲೋ ಮೋಷನ್ನಲ್ಲಿ ದೊಡ್ಡ ಗಾಡಿ ಬರುವ ರೀಲ್ ಮಾಡ್ಬೇಕು ಅಂತ ಎಲ್ಲರಿಗೂ ಆಸೆ. ಗತ್ತು ಬೇಡ ಅಂತ ಹೇಳ್ಲಿಕ್ಕೆ ನಾನು ಯಾರು? ಆದ್ರೆ ಆ ಗತ್ತಿಗೆ ಅಡಿಕೆ ಮಾರಿದ ದುಡ್ಡು, ಅಮ್ಮನ ಬಳೆ ಅಡವಿಟ್ಟ ದುಡ್ಡು ಹೋಗ್ತದೆ. ಕೊಡುವ ಮೊದಲು ಮುಚ್ಚಳದ ಒಳಗೆ ಬ್ಯಾಗ್ ಇದೆಯಾ ಅಂತ ಕೇಳುವ ಒಬ್ಬರಾದ್ರೂ ಮನೆಯಲ್ಲಿ ಇರ್ಬೇಕು. ದೊಡ್ಡವರಿಗೆ ಪೋರ್ಟಲ್, ಎನ್‌ಸಿಬಿ, ಸ್ಕ್ಯಾನರ್ ಇದೆಲ್ಲ ಗೊತ್ತಾಗುದಿಲ್ಲ. ನಮಗೆ ಗೊತ್ತಾಗ್ತದೆ. ದಿನಕ್ಕೆ ಮೂರು ಗಂಟೆ ಸ್ಕ್ರೋಲ್ ಮಾಡ್ತೇವೆ, ಅದರಲ್ಲಿ ಅರ್ಧ ಗಂಟೆ ಇದಕ್ಕೆ ಕೊಟ್ರೆ ಆಯ್ತು.

ಗಾಡಿ ನೋಡಿಟ್ಟವರು ಡಿಎಂ ಮಾಡಿ, ವಾಹನ್‌ನಲ್ಲಿ ಎಂತೆಂತ ನೋಡ್ಬೇಕು ಅಂತ ನಾನು ಸ್ಕ್ರೀನ್‌ಶಾಟ್ ಕಳಿಸ್ತೇನೆ. ಕಮೆಂಟಲ್ಲಿ ಗಾಡಿ ನಂಬರ್, ಚಾಸಿಸ್ ನಂಬರ್ ಹಾಕ್ಬೇಡಿ. ಅದು ಇನ್ನೂ ಬೇರೆಯವರ ಗಾಡಿ.

#ಕೆರಾಡಿ #ಕುಂದಾಪ್ರ #ಏಲಂಗಾಡಿ #ಹಳೆಗಾಡಿ